2147483647: ‘ಉಪಯೋಗವಿಲ್ಲ’ ಅನ್ನಿಸಿಕೊಂಡ ಸಂಖ್ಯೆ

1/9

ನಿಮ್ಮ ಮೊಬೈಲ್ ನಂಬರನ್ನು ಒಂದು ಸಲ ಸಂಖ್ಯೆ ಅಂತ ಓದಿ ನೋಡಿ. ಹತ್ತು ಅಂಕಿ, ಶುರುವಾಗೋದು 6, 7, 8 ಅಥವಾ 9ರಿಂದ. ಅಂದ್ರೆ ಕಡಿಮೆ ಅಂದ್ರೂ ಆರುನೂರು ಕೋಟಿ.

ಈಗ ಅದನ್ನು ಡೇಟಾಬೇಸ್ ಲ್ಯಾಬಿನಲ್ಲಿ ಮಾಮೂಲಿ ಪೂರ್ಣಾಂಕದ ಕಾಲಮ್ಮಿಗೆ ಹಾಕಿ. ಮೈಎಸ್‌ಕ್ಯೂಎಲ್ ಕಟ್ಟುನಿಟ್ಟಿನ ಸೆಟ್ಟಿಂಗ್‌ನಲ್ಲಿದ್ದರೆ ಎರರ್ ಕೊಡುತ್ತೆ. ಸಡಿಲ ಸೆಟ್ಟಿಂಗ್ ಇದ್ದರೆ ಒಂದು ವಾರ್ನಿಂಗ್ ಗೊಣಗಿ, ನಿಮ್ಮ ನಂಬರಿನ ಬದಲು ತನ್ನದೇ ಒಂದನ್ನು ಬರೆದುಕೊಳ್ಳುತ್ತೆ: 2147483647. ನಿಮಗೂ ಅದೇ, ಪಕ್ಕದ ಬೆಂಚಿನವರಿಗೂ ಅದೇ, ಇಡೀ ಕ್ಲಾಸಿಗೂ ಅದೇ. ಭಾರತದ ಯಾವ ಮೊಬೈಲ್ ನಂಬರೂ ಈ ಮಿತಿಯೊಳಗೆ ಹಿಡಿಸಲ್ಲ. ಅಮೆರಿಕದವರ ಕಥೆ ಇನ್ನೂ ತಮಾಷೆ. ಅಲ್ಲಿ 214 ಅನ್ನೋದು ಡಲ್ಲಾಸ್ ಊರಿನ ಏರಿಯಾ ಕೋಡ್. ಹಾಗಾಗಿ ಈ ತಪ್ಪು ಸಂಖ್ಯೆ ಅಲ್ಲಿ ಯಾರದ್ದೋ ನಿಜವಾದ ಫೋನ್ ನಂಬರಿನ ಥರಾನೇ ಕಾಣುತ್ತೆ!

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ಇವತ್ತಿನ ಸರಣಿ ಈ ಒಂದೇ ಸಂಖ್ಯೆಯ ಇತಿಹಾಸ. ಕಂಪ್ಯೂಟರ್ ಹುಟ್ಟೋಕೆ ಎಷ್ಟೋ ಮೊದಲೇ ಇದು ಗಣಿತದವರಲ್ಲಿ ಹೆಸರುವಾಸಿ. ಅಷ್ಟೇ ಅಲ್ಲ, ‘ಇದರಿಂದ ಏನೂ ಉಪಯೋಗವಿಲ್ಲ’ ಅಂತ ಅಚ್ಚಿನಲ್ಲೇ ಅನ್ನಿಸಿಕೊಂಡದ್ದು.

2/9

ಮೊದಲು ಸಂಖ್ಯೆಯ ಜಾತಕ. 1ರಿಂದ ಶುರು ಮಾಡಿ 31 ಸಲ ದುಪ್ಪಟ್ಟು ಮಾಡಿ, ಬಂದದ್ದರಲ್ಲಿ ಒಂದು ಕಳೆಯಿರಿ. ಅಷ್ಟೇ. 2³¹ − 1.

ಈ ಬಗೆಯ ಸಂಖ್ಯೆಗಳ ಹಿಂದೆ ಗಣಿತದವರು ಎರಡು ಸಾವಿರ ವರ್ಷದಿಂದ ಬಿದ್ದಿದ್ದಾರೆ. ಕಾರಣ ಯೂಕ್ಲಿಡ್. 28ನ್ನು ನೋಡಿ. ಅದನ್ನು ಶೇಷವಿಲ್ಲದೆ ಭಾಗಿಸೋ ಚಿಕ್ಕ ಸಂಖ್ಯೆಗಳು 1, 2, 4, 7, 14. ಕೂಡಿಸಿದರೆ ಮತ್ತೆ 28. ಇಂಥದ್ದನ್ನು ಪರಿಪೂರ್ಣ ಸಂಖ್ಯೆ ಅಂತಾರೆ. 6, 28, 496, 8128... ನಾಲ್ಕರ ನಂತರ ಐದನೆಯದು ಒಂದೇ ನೆಗೆತಕ್ಕೆ ಮೂರು ಕೋಟಿ ದಾಟುತ್ತೆ. ಯೂಕ್ಲಿಡ್ ತೋರಿಸಿದ್ದು ಏನಂದ್ರೆ, 2ರ ಯಾವುದೋ ಘಾತದಲ್ಲಿ ಒಂದು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದನ್ನು ಹಿಂದಿನ ಘಾತದಿಂದ ಗುಣಿಸಿ, ಪರಿಪೂರ್ಣ ಸಂಖ್ಯೆ ಸಿಗುತ್ತೆ. 7 ಅವಿಭಾಜ್ಯ, 4 × 7 = 28. 31 ಅವಿಭಾಜ್ಯ, 16 × 31 = 496. ಲೆಕ್ಕ ಮಾಡಿ ನೋಡಬಹುದು.

ಹಾಗಾದ್ರೆ ಪ್ರಶ್ನೆ ಒಂದೇ: 2ರ ಯಾವ ಘಾತ ಹಿಡಿದರೆ ಅವಿಭಾಜ್ಯ ಬರುತ್ತೆ? ಘಾತಾಂಕ ತಾನೇ ಭಾಗವಾಗುವಂಥದ್ದಾದರೆ ಬರೋದಿಲ್ಲ. 2⁶ − 1 ಅಂದ್ರೆ 63, ಅದನ್ನು 3 ಭಾಗಿಸುತ್ತೆ, 7 ಭಾಗಿಸುತ್ತೆ. ಆದರೆ ಘಾತಾಂಕ ಅವಿಭಾಜ್ಯ ಆದ ಮಾತ್ರಕ್ಕೆ ಕೆಲಸ ಆಯ್ತು ಅಂತಲೂ ಅಲ್ಲ. 11 ಕೈಕೊಡುತ್ತೆ: 2¹¹ − 1 = 2047 = 23 × 89. ಈ 23, 89 ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/9

ಇಟಲಿಯ ಬೊಲೋನ್ಯದ ಕತಾಲ್ಡಿ 1588ರಲ್ಲಿ 17 ಮತ್ತು 19 ಎರಡೂ ಸರಿ ಅಂತ ಲೆಕ್ಕ ಹಾಕಿ ತೋರಿಸಿದ. ಭಾಗಿಸಿ ಭಾಗಿಸಿ, ಬೇರೆ ದಾರಿ ಇರಲಿಲ್ಲ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. 23, 29, 31, 37 ಕೂಡ ಸರಿ ಎಂದುಬಿಟ್ಟ. 1640ರಲ್ಲಿ ಫರ್ಮಾ 23 ಮತ್ತು 37ನ್ನು ಹೊಡೆದುಹಾಕಿದ. 29ನ್ನು ಆಮೇಲೆ ಆಯ್ಲರ್ ಹೊಡೆದ. ಉಳಿದದ್ದು 31 ಒಂದೇ, ಅದೂ ಪುರಾವೆ ಇಲ್ಲದೆ.

ನಡುವೆ 1644ರಲ್ಲಿ ಪ್ಯಾರಿಸ್ಸಿನ ಸನ್ಯಾಸಿ ಮರಿನ್ ಮೆರ್ಸೆನ್ ಒಂದು ಪಟ್ಟಿ ಅಚ್ಚು ಹಾಕಿಸಿದ: 2, 3, 5, 7, 13, 17, 19, 31, 67, 127, 257. ಇಷ್ಟೇ ಘಾತಾಂಕಗಳು, ನಡುವೆ ಬೇರೆ ಇಲ್ಲ ಅಂತ. ಇಂಥ ಸಂಖ್ಯೆಗಳಿಗೆ ಇವತ್ತಿಗೂ ಅವನದೇ ಹೆಸರು. ಆದರೆ ಪಟ್ಟಿಯಲ್ಲಿ ಎರಡು ತಪ್ಪು (67, 257), ಮೂರು ಬಿಟ್ಟುಹೋಗಿದ್ದು (61, 89, 107). ನನ್ನ ಪ್ರಕಾರ ಆ ಪಟ್ಟಿಯ ದೊಡ್ಡ ಉಪಕಾರವೇ ಅದು ತಪ್ಪಿದ್ದದ್ದು. ಮುಂದಿನ ಮುನ್ನೂರು ವರ್ಷ ಜನಕ್ಕೆ ಕೆಲಸ ಕೊಟ್ಟಿತು. 67ರ ಕಥೆ ಬೇರೆಯದೇ ಸರಣಿ ಆಗುವಷ್ಟಿದೆ, ಇನ್ನೊಂದು ದಿನ.

ಇಷ್ಟು ಹೇಳಿದ್ದು ಯಾಕಂದ್ರೆ, ಈ ವಿಷಯದಲ್ಲಿ ಊಹೆಗೆ ಬೆಲೆ ಇಲ್ಲ. ಫರ್ಮಾನಂಥವನೇ 2³² + 1 ಅವಿಭಾಜ್ಯ ಅಂತ ನಂಬಿದ್ದ. ಆಯ್ಲರ್ ಬಂದು, ಅದನ್ನು 641 ಭಾಗಿಸುತ್ತೆ ಅಂತ ತೋರಿಸಿದ. ದೊಡ್ಡವರ ಮಾತು ಅಂತ ಯಾವ ಸಂಖ್ಯೆಯೂ ಅವಿಭಾಜ್ಯ ಆಗಲ್ಲ.

4/9

1772. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್. ಲಿಯೊನಾರ್ಡ್ ಆಯ್ಲರ್‌ಗೆ ಅರವತ್ತೈದು ವರ್ಷ. ಬಲಗಣ್ಣು ಹೋಗಿ ಮೂವತ್ತು ವರ್ಷ ದಾಟಿದೆ, ಎಡಗಣ್ಣಿಗೆ ಪೊರೆ. 1771ರಲ್ಲಿ ಆಪರೇಷನ್ ಆಗಿ ಸ್ವಲ್ಪ ದಿನ ಕಂಡಿತು, ಆಮೇಲೆ ಅದೂ ಹೋಯ್ತು. ಅದೇ ವರ್ಷ ಊರಿಗೆ ಬಿದ್ದ ಬೆಂಕಿಯಲ್ಲಿ ಮನೆಯೂ ಸುಟ್ಟಿತ್ತು. ಈತ ಹೇಳ್ತಾ ಹೋಗೋದು, ಮಗ ಮತ್ತು ಶಿಷ್ಯರು ಬರೆದುಕೊಳ್ಳೋದು. ಕೆಲಸ ಮಾತ್ರ ಕಡಿಮೆ ಆಗಲಿಲ್ಲ.

ಆ ವರ್ಷ ಬರ್ನೂಲಿ ಮನೆತನದ ಗಣಿತಜ್ಞನಿಗೆ ಬರೆದ ಒಂದು ಕಾಗದದಲ್ಲಿ ಆಯ್ಲರ್, 2³¹ − 1 ಅವಿಭಾಜ್ಯ ಎಂದು ತಿಳಿಸಿದ. ಜೊತೆಗೆ ಅದನ್ನು ಖಚಿತ ಮಾಡಿಕೊಂಡದ್ದು ಹೇಗೆ ಅಂತಲೂ ಹೇಳಿದ. ನನಗೆ ಇಷ್ಟ ಆಗೋದು ಈ ಎರಡನೇ ಭಾಗ.

ನಾವು ಸ್ಕೂಲಿನಲ್ಲಿ ಕಲಿತ ದಾರಿ ಗೊತ್ತಲ್ಲ: ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡೋದು. ಇಲ್ಲಿ ವರ್ಗಮೂಲ 46,340 ಚಿಲ್ಲರೆ. ಅಲ್ಲಿವರೆಗಿನ ಅವಿಭಾಜ್ಯಗಳು ಸುಮಾರು 4,800. ಅಂದ್ರೆ ಹತ್ತಂಕಿಯ ಸಂಖ್ಯೆಯನ್ನು 4,800 ಸಲ ಕೈಯಲ್ಲಿ ಭಾಗಿಸಬೇಕು. ಒಂದು ಕಡೆ ಕೂಡೋದು ತಪ್ಪಿದರೆ ಎಲ್ಲ ನೀರುಪಾಲು.

ಆಯ್ಲರ್ ಅಷ್ಟೂ ಭಾಗಿಸಲಿಲ್ಲ. ಮುಂದಿನ ಕ್ಯಾಪ್ಷನ್ ಸ್ವಲ್ಪ ನಿಧಾನಕ್ಕೆ ಓದಿ, ಪೆನ್ನು ಹಿಡಿದರೆ ಇನ್ನೂ ಒಳ್ಳೇದು.

5/9

23 ತಗೊಳ್ಳಿ. 1ರಿಂದ ದುಪ್ಪಟ್ಟು ಮಾಡ್ತಾ ಹೋಗಿ, 23 ದಾಟಿದಾಗೆಲ್ಲ 23 ಕಳೆಯಿರಿ.

1, 2, 4, 8, 16, 9, 18, 13, 3, 6, 12... ಆಮೇಲೆ 24ರಲ್ಲಿ 23 ಹೋದರೆ ಮತ್ತೆ 1.

ಹನ್ನೊಂದು ಹೆಜ್ಜೆಗೆ ಒಂದು ಸುತ್ತು. ಅಂದ್ರೆ 2¹¹ನ್ನು 23ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 2¹¹ − 1ನ್ನು 23 ಪೂರ್ತಿ ಭಾಗಿಸುತ್ತೆ. ಫರ್ಮಾ ಕಂಡುಕೊಂಡ ಗುಟ್ಟು ಇದು: ಅವಿಭಾಜ್ಯ ಯಾವುದೇ ಇರಲಿ, ಸುತ್ತಿನ ಉದ್ದ ಅದಕ್ಕಿಂತ ಒಂದು ಕಡಿಮೆ ಇರೋ ಸಂಖ್ಯೆಯನ್ನು ತಪ್ಪದೇ ಭಾಗಿಸುತ್ತೆ. 11 ಅನ್ನೋದು 22ನ್ನು ಭಾಗಿಸುತ್ತೆ. 89ಕ್ಕೂ ಹಾಗೇ, 88ನ್ನು 11 ಭಾಗಿಸುತ್ತೆ.

ಈಗ 31ಕ್ಕೆ ಬನ್ನಿ. ಯಾವುದೋ ಅವಿಭಾಜ್ಯ 2³¹ − 1ನ್ನು ಭಾಗಿಸುತ್ತೆ ಅಂತಿಟ್ಕೊಳ್ಳಿ. ಆಗ ಸುತ್ತಿನ ಉದ್ದ 31. ಹಾಗಾಗಿ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಬರೋದು 31ರ ಗುಣಕ ಆಗಿರಲೇಬೇಕು. ಅವಿಭಾಜ್ಯ ಬೆಸ, ಒಂದು ಕಳೆದರೆ ಸಮ. ಹಾಗಾಗಿ 62ರ ಗುಣಕ. 4,800ರಲ್ಲಿ ಬಹುಪಾಲು ಇಲ್ಲೇ ಉದುರಿಹೋಯ್ತು.

ಇನ್ನೊಂದು ಜರಡಿ ಇದೆ. 2³¹ಕ್ಕೆ ಶೇಷ 1 ಅಂದ್ರೆ 2³²ಕ್ಕೆ ಶೇಷ 2. ಆದರೆ 2³² ಅನ್ನೋದು 2¹⁶ರ ವರ್ಗ. ಅಂದ್ರೆ ಆ ಅವಿಭಾಜ್ಯದ ಲೋಕದಲ್ಲಿ 2 ಒಂದು ವರ್ಗಸಂಖ್ಯೆ! ಹಾಗಾಗೋದು, 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಉಳಿಸುವ ಅವಿಭಾಜ್ಯಗಳಲ್ಲಿ ಮಾತ್ರ.

ಎರಡೂ ಜರಡಿ ಸೇರಿಸಿದರೆ ಉಳಿಯೋದು ಎರಡೇ ಸಾಲು: 248ರ ಗುಣಕಕ್ಕೆ 1 ಸೇರಿಸಿದವು, ಇಲ್ಲವೇ 63 ಸೇರಿಸಿದವು. ಅದರಲ್ಲೂ ಅವಿಭಾಜ್ಯ ಆದವು ಮಾತ್ರ ಸಾಕು. ಮೊದಲನೆಯದು 311, ಶೇಷ 35. ಆಮೇಲೆ 1303, ಶೇಷ 226. ಆಮೇಲೆ 1489, ಶೇಷ 199. ಹೀಗೆ 46,340ರವರೆಗೆ. 4,800 ಇದ್ದದ್ದು ಎಂಬತ್ತರ ಆಸುಪಾಸಿಗೆ ಇಳಿಯಿತು. ಯಾವುದರಲ್ಲೂ ಶೇಷ ಸೊನ್ನೆ ಬರಲಿಲ್ಲ.

(ಈ ಜರಡಿ ಹಿಡಿಯಬೇಕಾದ್ದನ್ನು ಹಿಡಿಯುತ್ತಾ ಅಂತ ಅನುಮಾನ ಇದ್ದವರಿಗೆ: 2²⁹ − 1 = 233 × 1103 × 2089. ಪ್ರತಿಯೊಂದರಲ್ಲೂ ಒಂದು ಕಳೆದು 58ರಿಂದ ಭಾಗಿಸಿ. 4, 19, 36.)

6/9

ಇದರಿಂದ ಎಂಟನೇ ಪರಿಪೂರ್ಣ ಸಂಖ್ಯೆ ಖಚಿತವಾಯ್ತು: 2305843008139952128. ಹತ್ತೊಂಬತ್ತು ಅಂಕಿ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ ಸಂಖ್ಯಾಶಾಸ್ತ್ರದ ಒಂದು ಪುಸ್ತಕ ತಂದ. ಟೆಲಿಸ್ಕೋಪ್ ಹುಚ್ಚಿದ್ದವರಿಗೆ ‘ಬಾರ್ಲೊ ಲೆನ್ಸ್’ ಗೊತ್ತಿರುತ್ತೆ, ಅದೇ ಬಾರ್ಲೊ. ಈ ಹತ್ತೊಂಬತ್ತಂಕಿಯ ಸಂಖ್ಯೆಯನ್ನು ಹೇಳಿ ಅವನು ಬರೆದದ್ದರ ಸಾರಾಂಶ ಇಷ್ಟು: ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಪ್ರಾಯಶಃ ಎಂದೂ ಸಿಗಲಾರದು, ಯಾಕಂದ್ರೆ ಇವು ಬರೀ ಕುತೂಹಲದ ವಸ್ತುಗಳು, ಉಪಯೋಗವಿಲ್ಲ, ಹಾಗಾಗಿ ಯಾರೂ ಮುಂದೆ ಹುಡುಕೋ ಶ್ರಮ ತಗೊಳ್ಳಲ್ಲ.

ಬಾರ್ಲೊನನ್ನು ಆಡಿಕೊಂಡು ನಗೋದು ಸುಲಭ, ಎಲ್ಲರೂ ನಗ್ತಾರೆ. ಆದರೆ ಆತ ದಡ್ಡನಲ್ಲ. ಸೈನ್ಯದ ಅಕಾಡೆಮಿಯಲ್ಲಿ ಪಾಠ ಹೇಳ್ತಿದ್ದವನು. ವರ್ಗ, ಘನ, ಮೂಲಗಳ ದೊಡ್ಡ ಕೋಷ್ಟಕ ಮಾಡಿ ಎಂಜಿನಿಯರುಗಳ ಕೈಗೆ ಕೊಟ್ಟವನು. ಒಂದೊಂದು ಭಾಗಾಕಾರಕ್ಕೂ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಉಪಯೋಗ ಅಂದ್ರೆ ಏನು ಅಂತ ಗೊತ್ತಿದ್ದವನೇ ಆ ಮಾತು ಹೇಳಿದ್ದು.

ಮೊದಲರ್ಧ ಸುಳ್ಳಾಗೋಕೆ ಅರವತ್ತೈದು ವರ್ಷ ಹಿಡಿಯಿತು. 1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ, ಭಾಗಿಸೋ ಗೋಜಿಗೇ ಹೋಗದ ಹೊಸ ವಿಧಾನದಿಂದ 2¹²⁷ − 1 ಅವಿಭಾಜ್ಯ ಅಂತ ತೋರಿಸಿದ. ಮೂವತ್ತೊಂಬತ್ತು ಅಂಕಿ. ಆ ವಿಧಾನದ ವಂಶಸ್ಥರೇ ಇವತ್ತಿಗೂ ಕೆಲಸ ಮಾಡ್ತಿರೋದು. 2024ರ ಅಕ್ಟೋಬರಿನಲ್ಲಿ ಘೋಷಿಸಿದ ಮೆರ್ಸೆನ್ ಅವಿಭಾಜ್ಯದ ಘಾತಾಂಕ 13,62,79,841. ಪೂರ್ತಿ ಬರೆದರೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿ. ಉಪಯೋಗ ಇಲ್ಲದಿದ್ದರೂ ಜನ ಹುಡುಕ್ತಾರೆ, ಅದೂ ತಮ್ಮ ಮನೆಯ ಕರೆಂಟ್ ಬಿಲ್ ಕಟ್ಟಿಕೊಂಡು.

ಎರಡನೇ ಅರ್ಧ, ಆ ‘ಉಪಯೋಗವಿಲ್ಲ’ ಅನ್ನೋದು, ಸುಳ್ಳಾದ ರೀತಿ ಬೇರೆ. ಎರಡು ಸಲ ಸುಳ್ಳಾಯ್ತು, ಎರಡಕ್ಕೂ ಕಾರಣ ಬೇರೆ ಬೇರೆ. ಇಂಟರ್ನೆಟ್ಟಿನಲ್ಲಿ ಓಡಾಡೋ ಪೋಸ್ಟುಗಳು ಇವೆರಡನ್ನೂ ಕಲಸಿಬಿಡ್ತವೆ, ಅದಕ್ಕೇ ಬಿಡಿಸಿ ಹೇಳ್ತಿದ್ದೀನಿ.

7/9

ಮೊದಲನೆಯದು, ಶುದ್ಧ ಆಕಸ್ಮಿಕ.

ಕಂಪ್ಯೂಟರ್ ಒಂದು ಪೂರ್ಣಾಂಕಕ್ಕೆ 32 ಬಿಟ್ ಇಟ್ಟಿತು ಅನ್ನಿ. ಒಂದು ಬಿಟ್ ಧನವೋ ಋಣವೋ ಅಂತ ಹೇಳೋಕೆ ಹೋಯ್ತು, ಉಳಿದದ್ದು 31. ಅಷ್ಟೂ ಬಿಟ್ಟುಗಳಲ್ಲಿ 1 ತುಂಬಿದರೆ ಬರೋದು 2³¹ − 1. ಅದಕ್ಕೆ ಇನ್ನೊಂದು ಕೂಡಿಸಿದರೆ ಸ್ಕೂಟರಿನ ಮೀಟರ್ 99999 ಆದ ಮೇಲೆ ಸೊನ್ನೆಗೆ ಬಂದ ಹಾಗೆ ಇದೂ ಸುತ್ತು ಹೊಡೆಯುತ್ತೆ. ಬೀಳೋದು ಮಾತ್ರ ಸೊನ್ನೆಗಲ್ಲ, ಸೀದಾ −2147483648ಕ್ಕೆ.

ಇದು ಅವಿಭಾಜ್ಯ ಅನ್ನೋದಕ್ಕೂ ಕಂಪ್ಯೂಟರಿನ ಈ ಮಿತಿಗೂ ಯಾವ ಸಂಬಂಧವೂ ಇಲ್ಲ. 16 ಬಿಟ್ಟಿನ ಮಿತಿ 32767, ಅದು 7 × 31 × 151. 64 ಬಿಟ್ಟಿನ ಮಿತಿ 9223372036854775807. ಇದನ್ನು 7 ಭಾಗಿಸುತ್ತೆ, ಯಾಕಂದ್ರೆ ಘಾತಾಂಕ 63ನ್ನು 3 ಭಾಗಿಸುತ್ತೆ. ಎಂಜಿನಿಯರುಗಳು 32 ಅಂತ ಆರಿಸಿಕೊಂಡರು, 31 ತಾನಾಗಿ ಮೆರ್ಸೆನ್‌ನ ಪಟ್ಟಿಯಲ್ಲಿತ್ತು. ಅಷ್ಟೇ.

ಗೇಮ್ ಆಡೋರಿಗೆ ಈ ಸಂಖ್ಯೆ ಹಳೇ ಪರಿಚಯ. ರೂನ್‌ಸ್ಕೇಪ್‌ನಲ್ಲಿ ನಾಣ್ಯ ಗುಡ್ಡೆ ಹಾಕ್ತಾ ಹೋದರೆ ನಿಲ್ಲೋದು ಇಲ್ಲೇ. 2014ರ ಡಿಸೆಂಬರಿನಲ್ಲಿ ಯೂಟ್ಯೂಬಿನವರು, ‘ಗ್ಯಾಂಗ್ನಮ್ ಸ್ಟೈಲ್’ ಹಾಡನ್ನು ಇಷ್ಟು ಸಲ ನೋಡ್ತಾರೆ ಅಂತ ತಾವು ಯೋಚಿಸಿರಲಿಲ್ಲ, ಅದಕ್ಕೇ ಲೆಕ್ಕವನ್ನು 64 ಬಿಟ್ಟಿಗೆ ಏರಿಸಿದ್ದೇವೆ ಅಂತ ತಮಾಷೆಯಾಗಿ ಪ್ರಕಟಿಸಿದರು.

8/9

ಎಲ್ಲವೂ ತಮಾಷೆಯಲ್ಲ.

2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರು ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ಆದೇಶ ಹೊರಡಿಸಿದರು. ವಿಮಾನದ ವಿದ್ಯುತ್ ಜನರೇಟರುಗಳನ್ನು ನಿಯಂತ್ರಿಸೋ ಪೆಟ್ಟಿಗೆಗಳನ್ನು 248 ದಿನ ಒಂದೇ ಸಮನೆ ಆನ್ ಇಟ್ಟರೆ, ಒಳಗಿನ ಸಾಫ್ಟ್‌ವೇರ್ ಎಣಿಕೆ ತುಂಬಿ ಚೆಲ್ಲಿ ಪೆಟ್ಟಿಗೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತೆ. ಮುಖ್ಯವಾದ ನಾಲ್ಕನ್ನೂ ಒಟ್ಟಿಗೆ ಆನ್ ಮಾಡಿದ್ದರೆ ನಾಲ್ಕೂ ಒಟ್ಟಿಗೇ ನಿಲ್ಲುತ್ತವೆ, ಹಾರಾಟದ ಮಧ್ಯೆ ಇದ್ದರೂ. ಪರಿಹಾರ: ಅದಕ್ಕೆ ಮೊದಲೇ ಪವರ್ ಆಫ್ ಮಾಡಿ ಆನ್ ಮಾಡೋದು. ಹೌದು, ನಾವು ವೈಫೈ ರೌಟರಿಗೆ ಮಾಡೋದೇ. ಇದು ಲ್ಯಾಬಿನ ಪರೀಕ್ಷೆಯಲ್ಲಿ ಸಿಕ್ಕಿತು, ಆಕಾಶದಲ್ಲಿ ಅಲ್ಲ, ಪುಣ್ಯ.

248 ಯಾಕೆ? ಆದೇಶದಲ್ಲಿ ವಿವರಣೆ ಇರಲಿಲ್ಲ, ಆದರೆ ನೀವೇ ಲೆಕ್ಕ ಹಾಕಿ. ಸೆಕೆಂಡಿನ ನೂರನೇ ಒಂದು ಭಾಗವನ್ನು ಎಣಿಸ್ತಾ 2147483647ಕ್ಕೆ ಮುಟ್ಟೋಕೆ 248 ದಿನ 13 ಗಂಟೆ ಬೇಕು.

ಇನ್ನೊಂದು ಎಣಿಕೆ ಈಗಲೂ ನಡೀತಿದೆ. ಯುನಿಕ್ಸ್ ಪರಂಪರೆಯ ಯಂತ್ರಗಳು ಸಮಯವನ್ನು 1970ರ ಜನವರಿ 1ರಿಂದ ಎಷ್ಟು ಸೆಕೆಂಡಾಯ್ತು ಅಂತ ಇಟ್ಟುಕೊಳ್ಳುತ್ತವೆ. ಅದಕ್ಕೆ 32 ಬಿಟ್ ಕೊಟ್ಟಿದ್ದರೆ ಕೊನೆಯ ಸೆಕೆಂಡು ಬರೋದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅದರ ಮುಂದಿನ ಸೆಕೆಂಡಿಗೆ ಅಂಥ ಯಂತ್ರದ ಕ್ಯಾಲೆಂಡರು 1901ರ ಡಿಸೆಂಬರಿಗೆ ಹೋಗಿ ಬೀಳುತ್ತೆ. 2008ರಲ್ಲಿ ಹುಟ್ಟಿದವರಿಗೆ ಆಗ ಮೂವತ್ತರ ಆಸುಪಾಸು, ಆಫೀಸಿಗೆ ಹೊರಡೋ ಹೊತ್ತು.

ಹೆದರಿಸೋಕೆ ಹೇಳ್ತಿಲ್ಲ. ನಿಮ್ಮ ಕೈಲಿರೋ ಹೊಸ ಫೋನುಗಳು ಸಾಮಾನ್ಯವಾಗಿ 64 ಬಿಟ್ಟಿನವು, ಅವುಗಳ ಸೆಕೆಂಡಿನ ಲೆಕ್ಕ ಮುಗಿಯೋಕೆ ಸುಮಾರು 29 ಸಾವಿರ ಕೋಟಿ ವರ್ಷ ಬೇಕು. ಲಿನಕ್ಸ್ ಕೂಡ 2020ರಲ್ಲಿ 5.6ನೇ ಆವೃತ್ತಿಯ ಹೊತ್ತಿಗೆ 32 ಬಿಟ್ ಯಂತ್ರಗಳಲ್ಲೂ ದೊಡ್ಡ ಎಣಿಕೆಗೆ ದಾರಿ ಮಾಡಿಕೊಟ್ಟಿತು. ಕಷ್ಟ ಇರೋದು ಗೋಡೆಯೊಳಗೆ, ಕಾರ್ಖಾನೆಯೊಳಗೆ ಕೂತು ಯಾರೂ ಅಪ್‌ಡೇಟ್ ಮಾಡದೆ ವರ್ಷಾನುಗಟ್ಟಲೆ ಓಡ್ತಿರೋ ಸಣ್ಣ ಸಣ್ಣ ಯಂತ್ರಗಳಲ್ಲಿ. ಎಂಜಿನಿಯರಿಂಗ್ ಓದ್ತಿರೋರೇ, ಅವನ್ನು ಹುಡುಕಿ ಸರಿ ಮಾಡೋ ಕೆಲಸ ಬಹುಶಃ ನಿಮ್ಮ ಬ್ಯಾಚಿನದ್ದೇ.

9/9

ಈಗ ಎರಡನೆಯದು. ಇಲ್ಲಿ ಆಕಸ್ಮಿಕ ಇಲ್ಲ. ಈ ಸಂಖ್ಯೆಯನ್ನು ಅವಿಭಾಜ್ಯ ಅಂತಲೇ ಕರೆದು ಕೆಲಸಕ್ಕೆ ಹಚ್ಚಿದ್ದು.

ಕಂಪ್ಯೂಟರಿಗೆ ದಾಳ ಹಾಕೋಕೆ ಬರಲ್ಲ. ಹಾಗಾಗಿ ಯಾದೃಚ್ಛಿಕವಾಗಿ ಕಾಣೋ ಸಂಖ್ಯೆಗಳನ್ನು ಲೆಕ್ಕದಿಂದಲೇ ಹುಟ್ಟಿಸಬೇಕು. ಅಮೆರಿಕದ ಡೆರಿಕ್ ಲೆಮರ್ 1949ರ ಸುಮಾರಿಗೆ ಸೂಚಿಸಿದ ಉಪಾಯ ಸರಳ: ಒಂದು ಸಂಖ್ಯೆ ತಗೊಂಡು ಇನ್ನೊಂದರಿಂದ ಗುಣಿಸು, ಮೂರನೆಯದರಿಂದ ಭಾಗಿಸಿ ಶೇಷ ಇಟ್ಟುಕೋ, ಮತ್ತೆ ಗುಣಿಸು. 1969ರಲ್ಲಿ ಲೂಯಿಸ್, ಗುಡ್‌ಮನ್, ಮಿಲ್ಲರ್ ಎಂಬ ಮೂವರು ಐಬಿಎಂನ ಸಿಸ್ಟಮ್/360 ಯಂತ್ರಕ್ಕೆ ಇದನ್ನು ಹೊಂದಿಸಿದರು. ಗುಣಿಸೋದು 16807ರಿಂದ, ಭಾಗಿಸೋದು 2147483647ರಿಂದ.

ನೋಡಿ, ಇದು ಐದನೇ ಕ್ಯಾಪ್ಷನ್ನಿನ ಅದೇ ಸುತ್ತು. ಅಲ್ಲಿ 2ರಿಂದ ಗುಣಿಸ್ತಾ 23ರ ಲೋಕದಲ್ಲಿ ಸುತ್ತಿದ್ವಿ, ಹನ್ನೊಂದಕ್ಕೇ ಮುಗೀತು. ಇಲ್ಲಿ ಭಾಗಿಸೋದು ಅವಿಭಾಜ್ಯ, ಗುಣಿಸೋ 16807 ಅಂದ್ರೆ 7⁵ ತುಂಬಾ ನೋಡಿ ಆರಿಸಿದ್ದು. ಹಾಗಾಗಿ ಸುತ್ತು ಎಷ್ಟು ಉದ್ದ ಇರಬಹುದೋ ಅಷ್ಟೂ ಉದ್ದ ಇದೆ: 1ರಿಂದ 2147483646ರವರೆಗೆ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬಂದು, ಆಮೇಲೆ ಮಾತ್ರ ಮತ್ತೆ 1. ಭಾಗಿಸೋ ಸಂಖ್ಯೆ ಅವಿಭಾಜ್ಯ ಆಗಿರದಿದ್ದರೆ ಈ ಪೂರ್ತಿ ಸುತ್ತು ಸಿಗ್ತಾನೇ ಇರಲಿಲ್ಲ. ಆ ಕಣ್ಣಿಲ್ಲದ ಮುದುಕನ ಎಂಬತ್ತು ಭಾಗಾಕಾರ ಇಲ್ಲಿ ಕೆಲಸಕ್ಕೆ ಬಂತು. ಇಂದಿನ ಅಳತೆಯಲ್ಲಿ ಇದೇನೂ ಅತ್ಯುತ್ತಮ ವಿಧಾನವಲ್ಲ, ಗುಟ್ಟು ಕಾಯೋ ಕೆಲಸಕ್ಕಂತೂ ಬೇಡವೇ ಬೇಡ. ಆದರೂ ಸಿ++ ಭಾಷೆಯ ಜೊತೆಗೆ ಬರೋ ಗ್ರಂಥಾಲಯದಲ್ಲಿ ಇವತ್ತಿಗೂ ಕೂತಿದೆ.

ನೀವೇ ಬರೆದು ನೋಡಿ, ನಾಲ್ಕು ಸಾಲಿನ ಪ್ರೋಗ್ರಾಮ್. 1ರಿಂದ ಶುರು: 16807, ಆಮೇಲೆ 282475249, ಆಮೇಲೆ 1622650073. ಆದರೆ ಹುಷಾರು. 282475249ನ್ನು 16807ರಿಂದ ಗುಣಿಸಿದ ಕೂಡಲೇ ಉತ್ತರ 32 ಬಿಟ್ಟಿನ ಮಿತಿ ದಾಟುತ್ತೆ, ಶೇಷ ತೆಗೆಯೋಕೆ ಮೊದಲೇ. ಭಾಗಿಸಬೇಕಾದ ಸಂಖ್ಯೆ ಯಾವುದೋ, ಮಿತಿಯೂ ಅದೇ! 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬ ಇಬ್ಬರು, ಹಲವರು ಬರೆದ ಇಂಥ ಪ್ರೋಗ್ರಾಮುಗಳು ಕೆಟ್ಟಿರೋದು ನೋಡಿ ಒಂದು ಪರೀಕ್ಷೆ ಕೊಟ್ಟರು. 1ರಿಂದ ಹೊರಟು ಹತ್ತು ಸಾವಿರ ಸಲ ಮಾಡಿದ ಮೇಲೆ ಬರಬೇಕಾದ್ದು 1043618065.

ನಿಮಗೆ ಎಷ್ಟು ಬಂತು ಅಂತ ಕಾಮೆಂಟಿನಲ್ಲಿ ಹಾಕಿ. ಬೇರೆ ಏನಾದ್ರೂ ಬಂದಿದ್ದರೆ, ಯಾವ ಸಾಲಿನಲ್ಲಿ ತುಂಬಿ ಚೆಲ್ಲಿತು ಅಂತ ಹುಡುಕೋಣ.